ಎರಡನೇ ಜೂಲಿ

ತುಮಕೂರಿನ ಸದಾಶಿವನಗರದಲ್ಲಿ ವೆಂಕಟೇಶಯ್ಯನವರ ಮನೆ ಯಾವುದು ಅಂತ ಕೇಳಿದರೆ ಯಾರೂ ತಕ್ಷಣ ಹೇಳುತ್ತಿರಲಿಲ್ಲ. ನಾಯಿ ಮೇಷ್ಟ್ರ ಮನೆ ಎಂದರೆ ಕೈ ಮಾಡಿ ತೋರಿಸುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಅವರಿಗೆ ಈ ಹೆಸರು ಬೆನ್ನ ಹಿಂದೆ ಓಡಾಡುವುದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಬೇಜಾರಾಗುತ್ತಿದ್ದದ್ದು ಹೆಂಡತಿ ಶಾರದಳಿಗೆ.

ಶಾರದ ಕುಣಿಗಲ್ಲಿನವಳು. ವೆಂಕಟೇಶಯ್ಯ ಅವಳಿಗೆ ಸ್ವಂತ ಸೋದರಮಾವ, ತಾಯಿ ನರಸಿಂಹಮ್ಮನ ಕಡೇ ತಮ್ಮ. ಲಂಗ ಹಾಕುತ್ತಿದ್ದ ಕಾಲದಿಂದ ‘ವೆಂಕಟೇಶ ಮಾವ’ ಎಂದು ಕೂಗಿಕೊಂಡು ಬೆಳೆದವಳು ಒಂದು ಬೆಳಿಗ್ಗೆಯಿಂದ ‘ಏನೂಂದ್ರೆ’ ಎನ್ನಬೇಕಾಯಿತು. ಮನೆಯವರೆಲ್ಲ ನಕ್ಕರು, ಅವಳೂ ನಕ್ಕಳು. ಅವರ ಪೈಕಿಯಲ್ಲಿ ಅರ್ಧ ಮದುವೆಗಳು ಹಾಗೇ ಆಗಿದ್ದವು. ನರಸಿಂಹಮ್ಮನೂ ಅತ್ತೆಯ ಮಗನನ್ನೇ ಕಟ್ಟಿಕೊಂಡವಳು. “ನಮ್ಮ ರಕ್ತ ಹೊರಗಡೆ ಹೋಗಬಾರದು ಕಣೇ” ಎಂದು ಧಾರೆಯ ದಿನ ಮಗಳ ತಲೆ ನೇವರಿಸಿ ಹೇಳಿದ್ದಳು.

ಮೊದಲನೆಯದು ಗಂಡುಮಗು. ಕೂರುವುದನ್ನು ಕಲಿಯುವ ಹೊತ್ತಿಗೆ ಸೆಳವು ಶುರುವಾಯಿತು. ಆಟ ಆಡುತ್ತಿದ್ದ ಹಾಗೇ ಕಣ್ಣುಗುಡ್ಡೆ ಒಂದು ಕಡೆಗೆ ಹೊರಳಿ ನಿಂತುಬಿಡುತ್ತಿತ್ತು. ತುಟಿ ಓರೆಯಾಗಿ, ಒಂದು ಕಾಲು ಮಾತ್ರ ಸೈಕಲ್ ತುಳಿಯುವಂತೆ ಗಾಳಿಯನ್ನು ತುಳಿಯುತ್ತಿತ್ತು. ದೃಷ್ಟಿ ಎಂದರು, ಬಾಲಗ್ರಹ ಎಂದರು, ಜ್ವರ ತಲೆಗೇರಿದೆ ಎಂದರು. ವರ್ಷ ತುಂಬುವ ಮೊದಲೇ ಮಗು ಹೋಯಿತು. ಎರಡನೆಯದು ಹೊಟ್ಟೆಯಲ್ಲೇ ಉಸಿರು ನಿಲ್ಲಿಸಿತ್ತು. ಮೂರನೆಯವಳು ಸಂಹಿತಾ, ಗಟ್ಟಿಮುಟ್ಟಾಗಿ ಉಳಿದಳು. ಉಳಿದ ಸಂತೋಷದಲ್ಲಿ ಹೋದವರ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಜೂಲಿ ಬಂದದ್ದು ಸಂಹಿತಾ ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದಾಗ. ಬಿಳೀ ಕೂದಲಿನ ನಾಯಿ, ಬಲಗಣ್ಣಿನ ಸುತ್ತ ಕಂದು ಮಚ್ಚೆ. ತಂದದ್ದು ಮಗಳಿಗೆ, ಆದರೆ ಅದು ಅಂಟಿಕೊಂಡದ್ದು ವೆಂಕಟೇಶಯ್ಯನವರಿಗೆ. ಹೆಚ್ಚು ಮಾತಿಲ್ಲದ, ಸ್ನೇಹಿತರಿಲ್ಲದ ಆ ಮನುಷ್ಯ ಜೂಲಿಯ ಜೊತೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಿದ್ದರು. ತೊಂಬತ್ತಾರರಲ್ಲಿ ಬಿ.ಎಚ್. ರಸ್ತೆಯಲ್ಲಿ ಮೆಟಡಾರ್ ಒಂದು ಅದರ ಮೇಲೆ ಹರಿಯಿತು. ಮಗು ಸತ್ತಾಗ ಒಂದು ಹನಿ ಕಣ್ಣೀರು ಹಾಕದಿದ್ದ ಗಂಡ ಗೇಟಿನ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುವುದನ್ನು ಶಾರದ ಕಿಟಕಿಯಿಂದ ನೋಡಿದಳು.

ಗುಬ್ಬಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಚನ್ನವೀರಯ್ಯ ಎಂಬ ಪೇಂಟರಿದ್ದ. ವೆಂಕಟೇಶಯ್ಯ ಅವನಿಗೆ ಜೂಲಿಯ ಫೋಟೋ ಕೊಟ್ಟು ದೊಡ್ಡ ಪಟ ಬರೆಸಿದರು. ಸ್ಟುಡಿಯೋದವರು ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರೋ ಏನೋ, ಪಟದಲ್ಲಿ ಮಚ್ಚೆ ಎಡಗಣ್ಣಿಗೆ ಬಂದಿತ್ತು. ಶಾರದಳಿಗೆ ನೋಡಿದ ಕೂಡಲೇ ಗೊತ್ತಾಯಿತು. ನೊಂದಿರುವವರಿಗೆ ಯಾಕೆ ಹೇಳುವುದು ಅಂತ ಸುಮ್ಮನಾದಳು.

ಮುಂದಿನ ವರ್ಷವೇ ಪೇಪರಿನಲ್ಲಿ ಡಾಲಿ ಎಂಬ ಕುರಿಯ ಸುದ್ದಿ ಬಂತು. ಒಂದು ಕುರಿಯ ಮೈಯಿಂದ ತೆಗೆದ ಕಣದಿಂದ ಅದರದೇ ತದ್ರೂಪು ಮರಿ. ವೆಂಕಟೇಶಯ್ಯ ಪೇಪರನ್ನು ಊಟದ ಮೇಜಿನ ಮೇಲೆ ಹರಡಿ ಜೋರಾಗಿ ಓದಿದರು.

“ಕುರಿಗೆ ಆಗಿದ್ದು ನಾಯಿಗೆ ಯಾಕಾಗಲ್ಲ?”

“ಅದೆಲ್ಲ ಫಾರಿನ್ನಿನಲ್ಲಿ ರೀ,” ಎಂದಳು ಶಾರದ.

“ಅವರ ದಾರಿ ಬೇಗದ್ದು. ನಮ್ಮದು ನಿಧಾನ, ಅಷ್ಟೇ.”

ಜೂಲಿ ಹೆತ್ತಿದ್ದ ಗಂಡುಮರಿ ಮನೆಯಲ್ಲೇ ಇತ್ತು. ಹೆಣ್ಣುಮರಿಯನ್ನು ಹಿಂದಿನ ಬೀದಿಯವರಿಗೆ ಕೊಟ್ಟಿದ್ದರು. ಅದನ್ನು ಕೇಳಿ ವಾಪಸ್ ತಂದು ಎರಡನ್ನೂ ಒಂದೇ ಕಡೆ ಕಟ್ಟಿದರು.

“ಅಣ್ಣ ತಂಗಿ ಅಲ್ವೇನ್ರೀ ಅವು?”

“ನಾಯಿಗೆಂಥ ಅಣ್ಣ ತಂಗಿ? ಒಳ್ಳೇ ತಳಿ ಮಾಡೋದೇ ಹಿಂಗೆ. ರಕ್ತ ಹೊರಗಡೆ ಹೋಗಬಾರದು.”

ಅಮ್ಮನ ಮಾತು ಗಂಡನ ಬಾಯಲ್ಲಿ ಬಂದದ್ದು ಕೇಳಿ ಶಾರದಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಊರ್ಡಿಗೆರೆಯ ಹತ್ತಿರ ಅವರದೊಂದು ಚೂರು ಜಮೀನಿತ್ತು. ಅಲ್ಲಿ ಶೀಟಿನ ಶೆಡ್ ಹಾಕಿಸಿ, ನೋಡಿಕೊಳ್ಳಲು ಹನುಮಂತಮ್ಮ ಎಂಬ ಹೆಂಗಸನ್ನು ಇಟ್ಟರು. ಮರಿಗಳು ಬೆಳೆದ ಹಾಗೆ ಮಗನನ್ನು ತಾಯಿಗೆ, ಅಪ್ಪನನ್ನು ಮಗಳಿಗೆ ಬಿಟ್ಟರು. ಜೂಲಿಯ ಬಣ್ಣಕ್ಕೆ ಹೊಂದದವನ್ನು ಕೇಳಿದವರಿಗೆ ಕೊಟ್ಟರು. ಕೊಡಲಾಗದಂಥವೂ ಹುಟ್ಟುತ್ತಿದ್ದವು. ಶಾರದ ಭಾನುವಾರ ಊಟ ತೆಗೆದುಕೊಂಡು ಹೋದಾಗ ಹನುಮಂತಮ್ಮ ಮೊರದ ಮೇಲೆ ಬಟ್ಟೆ ಸರಿಸಿ ತೋರಿಸುತ್ತಿದ್ದಳು. ಒಂದಕ್ಕೆ ಕಣ್ಣಿನ ಗುಳಿಯೇ ಇರಲಿಲ್ಲ. ಇನ್ನೊಂದರ ತಲೆ ಕುಂಬಳಕಾಯಿಯಂತೆ ಊದಿತ್ತು.

“ಇದೂ ಹಂಗೇ ಆಗದೆ ಕಣ್ರವ್ವ. ಹೊಂಗೆ ಮರದ ತಾವ ಹೂಳಕ್ಕೆ ಇನ್ನು ಜಾಗಿಲ್ಲ. ಮೇಷ್ಟ್ರಿಗೆ ಸಾಕು ಬುಡಿ ಅಂತ ನೀವಾದ್ರೂ ಹೇಳ್ರವ್ವ.”

ಶಾರದ ಹೇಳಿದಳು. ವೆಂಕಟೇಶಯ್ಯ ಆ ಮೊರದ ಕಡೆ ತಿರುಗಿಯೂ ನೋಡಲಿಲ್ಲ. “ಇಂಥವು ಬರ್ತವೆ. ತೆಗೆದು ಹಾಕ್ತಾ ಹೋದ್ರೆ ಕೊನೆಗೆ ಉಳಿಯೋದು ಅಪ್ಪಟ” ಎಂದರು. ತೆಗೆದು ಹಾಕುವುದು ಎಂಬ ಮಾತು ಅವಳ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಸಂಹಿತಾ ಬಿ.ಎಸ್ಸಿ. ಓದುತ್ತಿದ್ದಾಗ ಅಮೆರಿಕದಲ್ಲಿ ಬೆಕ್ಕಿನ ತದ್ರೂಪು ಮಾಡಿದ ಸುದ್ದಿ ಬಂತು. “ಅಪ್ಪ, ಆ ಬೆಕ್ಕಿನ ಬಣ್ಣ ಮೂಲ ಬೆಕ್ಕಿನ ಥರ ಇಲ್ವಂತೆ. ಕಣ ಅದೇ ಆದ್ರೂ ಮಚ್ಚೆ ಅದೇ ಜಾಗಕ್ಕೆ ಬರಲ್ವಂತೆ” ಎಂದಳು. “ಅವರಿಗೆ ತಾಳ್ಮೆ ಇಲ್ಲ” ಎಂದರು ಅಪ್ಪ.

ಅವರಿಗೆ ತಾಳ್ಮೆ ಇತ್ತು. ಎರಡು ಸಾವಿರದ ನಾಲ್ಕರಲ್ಲಿ ಒಂದು ಸಂಜೆ ಬುಟ್ಟಿಯಲ್ಲಿ ಮರಿಯೊಂದನ್ನು ತಂದು ಹಾಲಿನಲ್ಲಿ ಪಟದ ಕೆಳಗೆ ಇಳಿಸಿದರು. ಬಿಳೀ ಮೈ, ಕಣ್ಣಿನ ಸುತ್ತ ಕಂದು ಮಚ್ಚೆ.

“ನೋಡು ಶಾರದ. ಬಂದಳು ನೋಡು.”

ಶಾರದ ಬಗ್ಗಿ ನೋಡಿದಳು. “ಇದಕ್ಕೆ ಎಡಗಣ್ಣಿಗಿದೆ. ನಮ್ಮ ಜೂಲಿಗೆ ಬಲಗಣ್ಣಿಗಲ್ವಾ ಇದ್ದಿದ್ದು?”

ವೆಂಕಟೇಶಯ್ಯ ಪಟ ನೋಡಿದರು, ಮರಿ ನೋಡಿದರು. “ಏನು ಹೇಳ್ತಿದೀಯ? ಪಟದಲ್ಲಿ ಎಡಗಣ್ಣೇ ಇದೆಯಲ್ಲ!”

ಅವಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಇವರು ಹುಡುಕಿದ್ದು ಚನ್ನವೀರಯ್ಯ ಬರೆದ ನಾಯಿಯನ್ನು. ನಿಜವಾದ ಜೂಲಿ ಹೇಗಿತ್ತು ಅನ್ನುವುದೇ ಇವರಿಗೆ ಮರೆತುಹೋಗಿದೆ. ತಾನು ಹೆತ್ತ ಗಂಡುಮಗುವಿನ ಮುಖವಾದರೂ ಇವರಿಗೆ ನೆನಪಿದೆಯೇ ಎಂದು ಕೇಳಬೇಕೆನಿಸಿತು.

ಮಾರನೇ ವರ್ಷ ಬೇಸಿಗೆಯಲ್ಲಿ ನರಸಿಂಹಮ್ಮ ಕುಣಿಗಲ್ಲಿನಿಂದ ಬಂದಳು, ಜೊತೆಗೆ ಮಗ ವಿಜಯೀಂದ್ರ. ಶಾರದಳಿಗಿಂತ ತುಂಬಾ ಚಿಕ್ಕವನು, ಅವಳೇ ಎತ್ತಿ ಆಡಿಸಿದ ತಮ್ಮ. ಕುಣಿಗಲ್ಲಿನ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ, ಒಳ್ಳೇ ಹುಡುಗ. ಬಂದ ಕಾರಣ ಎಲ್ಲರಿಗೂ ಗೊತ್ತಿತ್ತು.

“ವೆಂಕಟೇಶ, ಸಂಹಿತಾನ ನಮ್ಮ ವಿಜಿಗೆ ಕೊಟ್ಟುಬಿಡು. ನೀನು ನನ್ನ ಮಗಳನ್ನ ತಂದ್ಕೊಂಡೆ, ನಾನು ನಿನ್ನ ಮಗಳನ್ನ ತಗೊಂಡು ಹೋಗ್ತೀನಿ. ನಮ್ಮೂರ ಕುದುರೆ ಫಾರಂನವರೂ ರಕ್ತ ನೋಡೇ ಅಲ್ವೇನೋ ಕೂಡಿಸೋದು?”

“ನಂದೇನೂ ಅಡ್ಡಿ ಇಲ್ಲಕ್ಕ,” ಎಂದರು ವೆಂಕಟೇಶಯ್ಯ, ಕಾಲ ಮೇಲೆ ಮಲಗಿದ್ದ ಎರಡನೇ ಜೂಲಿಯ ಬೆನ್ನು ಸವರುತ್ತ.

ಸಂಹಿತಾ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೂ ವಿಜಿ ಮಾವನನ್ನು ಕಂಡರೆ ಇಷ್ಟವೇ. ಶಾರದ ಕೋಸಂಬರಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಆಗ ನಾಯಿ ಧಡಕ್ಕನೆ ನೆಲಕ್ಕೆ ಬಿತ್ತು. ಕಣ್ಣುಗುಡ್ಡೆ ಒಂದು ಕಡೆಗೆ ಹೊರಳಿ ನಿಂತಿತು. ಬಾಯಿ ಓರೆಯಾಗಿ ನೊರೆ ಬಂತು. ಉಳಿದ ಮೈಯೆಲ್ಲ ಮರಗಟ್ಟಿ, ಒಂದೇ ಒಂದು ಕಾಲು ಗಾಳಿಯನ್ನು ತುಳಿಯತೊಡಗಿತು.

ತಟ್ಟೆ ಶಾರದಳ ಕೈಯಿಂದ ಜಾರಿತು. ನರಸಿಂಹಮ್ಮ ‘ಅಯ್ಯೋ, ನೀರು ತನ್ನಿ’ ಎಂದಳು. ಶಾರದ ನೀರು ತರಲಿಲ್ಲ. ಮಂಡಿಯೂರಿ ಕೂತು ಆ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಇಪ್ಪತ್ತೈದು ವರ್ಷದ ಹಿಂದೆ ಇನ್ನೊಂದು ಪುಟ್ಟ ಕಾಲನ್ನು ಹಿಡಿದುಕೊಂಡಿದ್ದ ಹಾಗೆ. ಅದು ಅವಳ ಹಿಡಿತದೊಳಗೂ ತುಳಿಯುತ್ತಲೇ ಇತ್ತು.

ನಾಯಿ ಸುಧಾರಿಸಿಕೊಂಡ ಮೇಲೆ ಅವಳು ಗಂಡನನ್ನು ಹಿತ್ತಲಿಗೆ ಕರೆದಳು.

“ಸಂಹಿತಾ ಪಾಠ ಗಟ್ಟಿಯಾಗಿ ಓದ್ಕೊಳ್ಳೋವಾಗ ನಾನೂ ಕೇಳಿಸ್ಕೊಂಡಿದೀನಿ. ಹತ್ತಿರದ ರಕ್ತ ಸೇರಿದ್ರೆ ಒಳಗೆ ಅಡಗಿರೋ ದೋಷ ಹೊರಗೆ ಬರುತ್ತೆ ಅಂತ. ನೀವು ವರ್ಷಾ ವರ್ಷಾ ಅದನ್ನೇ ಪಾಠ ಮಾಡಿದೀರಿ. ನಮ್ಮ ಮಗೂಗೆ ಸೆಳವು ಬಂದಾಗ ನಿಮಗೆ ಗೊತ್ತಿತ್ತಾ?”

ವೆಂಕಟೇಶಯ್ಯ ಒಗೆಯುವ ಕಲ್ಲಿನ ಮೇಲೆ ಕೂತರು.

“ಅನುಮಾನ ಇತ್ತು,” ಎಂದರು. “ಅದು ಪಾಠದ ಮಾತು, ನಮ್ಮ ಮನೆ ಮಾತಲ್ಲ ಅಂದ್ಕೊಂಡೆ.”

“ಈಗಲೂ ಹಂಗೇ ಅಂದ್ಕೊಂಡು ಹೂಂ ಅಂದ್ರಾ?”

ಶಾರದ ಒಳಗೆ ಬಂದು, “ಅಮ್ಮ, ಈ ಮದುವೆ ಆಗಲ್ಲ” ಎಂದಳು. ನರಸಿಂಹಮ್ಮನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಸಿಟ್ಟು ಬಂತು. ನಾಯಿಗೆ ಫಿಟ್ಸ್ ಬಂದರೆ ನನ್ನ ಮಗನಿಗೇನು ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನನ್ನೇ ಕೀಳು ಮಾಡಿದೆಯಲ್ಲೇ ಎಂದು ಅತ್ತಳು. ಶಾರದ ವಾದ ಮಾಡಲಿಲ್ಲ. ತಮ್ಮನ ಕೈ ಹಿಡಿದು, “ಬಾ ವಿಜಿ, ಒಂದು ಕಡೆ ಹೋಗಿ ಬರೋಣ” ಎಂದಳು.

ಅವನ ಸ್ಕೂಟರಿನಲ್ಲಿ ಇಬ್ಬರೂ ಊರ್ಡಿಗೆರೆಗೆ ಹೋದರು. ಹನುಮಂತಮ್ಮ ಶೆಡ್ಡಿನ ಬಾಗಿಲು ತೆಗೆದಳು. ಒಳಗೆ ಬೊಗಳುವ ಸದ್ದೇ ಇರಲಿಲ್ಲ. ಒಂದು ನಾಯಿ ಗೋಡೆಗೆ ತಲೆ ಒತ್ತಿಕೊಂಡು ನಿಂತಿತ್ತು. ಇನ್ನೊಂದು ನಿಂತಲ್ಲೇ ಒಂದೇ ಕಡೆಗೆ ಸುತ್ತುತ್ತಿತ್ತು, ಸುತ್ತಿ ಸುತ್ತಿ ಮಣ್ಣು ತಟ್ಟೆಯಂತೆ ತಗ್ಗಾಗಿತ್ತು. ಕಣ್ಣಿಲ್ಲದ್ದೊಂದು ಮನುಷ್ಯರ ವಾಸನೆಗೆ ಮುಖ ಎತ್ತಿತು. ಎಲ್ಲವೂ ಬಿಳಿ, ಎಲ್ಲದರ ಮುಖವೂ ಒಂದೇ.

ವಿಜಯೀಂದ್ರ ಹೊರಗೆ ಬಂದು ಬೇಲಿಯ ಹತ್ತಿರ ನಿಂತ. “ನನಗೂ ಸಂಹಿತಾಗೂ ಹಿಂಗೇ ಆಗುತ್ತೆ ಅಂತಾನಾ ಅಕ್ಕ?”

“ಆಗೇ ಆಗುತ್ತೆ ಅಂತ ಹೇಳಕ್ಕೆ ನಾನು ಯಾರೋ? ಆಗಲ್ಲ ಅಂತ ಹೇಳೋ ಧೈರ್ಯ ನಂಗಿಲ್ಲ. ನಾನು ಎರಡು ಕಳ್ಕೊಂಡಿದೀನಿ.”

“ಅಮ್ಮನಿಗೆ ನಾನೇ ಒಲ್ಲೆ ಅಂದೆ ಅಂತ ಹೇಳ್ತೀನಿ” ಎಂದ ಅವನು. ಹಾಗೇ ಹೇಳಿದ. ಆದರೂ ನರಸಿಂಹಮ್ಮ ಮಗಳನ್ನು ಕ್ಷಮಿಸಲಿಲ್ಲ. ಆಮೇಲೆ ಶಾರದ ಕುಣಿಗಲ್ಲಿಗೆ ಹೋದರೆ ಬಾಗಿಲು ತೆಗೆದು, ನೀರು ಕೊಟ್ಟು, ಒಳಗೆ ಹೋಗಿ ಮಲಗಿಬಿಡುತ್ತಿದ್ದಳು. ಸಾಯುವವರೆಗೂ ಹಾಗೇ.

ಸಂಹಿತಾ ಒಂದು ವಾರ ಅಮ್ಮನ ಜೊತೆ ಮಾತಾಡಲಿಲ್ಲ. ಮರುವರ್ಷ ಹಾಸನದ ಕಡೆಯ, ಯಾವ ಸಂಬಂಧವೂ ಇಲ್ಲದ ಮನೆಗೆ ಮದುವೆಯಾಗಿ ಹೋದಳು. ವೆಂಕಟೇಶಯ್ಯ ಧಾರೆ ಎರೆದರು, ಊಟಕ್ಕೆ ನಿಲ್ಲದೆ ಮನೆಗೆ ಹೊರಟರು, ನಾಯಿಗೆ ಮಾತ್ರೆ ಹಾಕುವ ಹೊತ್ತಾಯಿತು ಎಂದು. ಶೆಡ್ಡಿನಲ್ಲಿದ್ದ ನಾಯಿಗಳಿಗೆಲ್ಲ ಶಾರದ ಪಶು ಡಾಕ್ಟರನ್ನು ಕರೆಸಿ ಇನ್ನು ಮರಿಯಾಗದಂತೆ ಆಪರೇಷನ್ ಮಾಡಿಸಿದಳು. ಅದಕ್ಕೂ ಅವರು ಏನೂ ಅನ್ನಲಿಲ್ಲ. ಅವರು ಜಗಳ ಆಡಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಆ ಮಳೆಗಾಲ ಎರಡನೇ ಜೂಲಿ ಒಂದರ ಹಿಂದೊಂದು ಸೆಳವು ಬಂದು ಸತ್ತಿತು. ಅಷ್ಟರಲ್ಲಿ ಕೊರಿಯಾದಲ್ಲಿ ನಾಯಿಯ ತದ್ರೂಪೂ ಹುಟ್ಟಿಯಾಗಿತ್ತು. ಹೂಳುವ ಮೊದಲು ವೆಂಕಟೇಶಯ್ಯ ಕಾಲೇಜಿನ ಲ್ಯಾಬಿನಿಂದ ತಂದಿದ್ದ ಕತ್ತರಿಯಲ್ಲಿ ಅದರ ಕಿವಿಯ ತುದಿ ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟರು.

“ಏನ್ರೀ ಇದು?” ಎಂದಳು ಶಾರದ.

“ಇರಲಿ. ಇವತ್ತಲ್ಲ ನಾಳೆ ಇಲ್ಲೂ ಬರುತ್ತೆ. ಆಗ ಬೇಕಾಗುತ್ತೆ.”

“ಅದೇ ಸೆಳವೂ ಬರುತ್ತಲ್ರೀ ಅದರ ಜೊತೆ.”

ಅವರು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ, ಮಲಗಿದ ಮಗುವಿನ ಕೋಣೆಯ ಬಾಗಿಲು ಮುಚ್ಚುವಂತೆ ಮುಚ್ಚಿದರು. ಅಂದಿನಿಂದ ಶಾರದ ಅದರಲ್ಲಿ ಹಾಲಿಡುವುದನ್ನು ಬಿಟ್ಟಳು, ಮೊಸರಿಡುವುದನ್ನು ಬಿಟ್ಟಳು, ಕೊನೆಗೆ ಅದರ ಬಾಗಿಲು ತೆಗೆಯುವುದನ್ನೇ ಬಿಟ್ಟಳು. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ಜಿನ ಸದ್ದು ನಿಂತಾಗ ವೆಂಕಟೇಶಯ್ಯ ಪೇಪರ್ ಮಡಿಸಿಟ್ಟು ಎದ್ದು ಕೂರುತ್ತಿದ್ದರು. ಸೆಕೆಯಲ್ಲಿ ಬೀಸಣಿಗೆ ಹಿಡಿದು ಕೂತ ಶಾರದ, ಅದು ಮತ್ತೆ ಗುಂಯ್ ಅನ್ನದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.