ಲಗ್ನಪತ್ರಿಕೆಯ ಕೊನೆಯ ಸಾಲು

ನನ್ನ ತರಗತಿಯ ಗೋಡೆಯ ಮೇಲೆ ಈಗ ಒಂದು ಬಣ್ಣದ ಚಾರ್ಟ್ ತೂಗುತ್ತಿದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಮೂಲೆಯಲ್ಲಿ ಫೋನ್ ಹಿಡಿದರೆ ವಿಡಿಯೊ ತೆರೆದುಕೊಳ್ಳುವ ಒಂದು ಚೌಕ, ಅದರ ಕೆಳಗೆ ‘ಶಿಕ್ಷಕರಿಗೆ ಉಚಿತ’ ಎಂಬ ಮಾತು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜನ ನಾವು, ಹಾಗಾಗಿ ಯಾರೂ ಬೇಡವೆನ್ನಲಿಲ್ಲ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಮೈ ಉರಿಯುತ್ತದೆ.

ಧರ್ಮಪುರದಲ್ಲಿ ಬಸ್ಸಿಳಿದು, ಶೇಂಗಾ ಹೊಲಗಳ ನಡುವಿನ ದಾರಿಯಲ್ಲಿ ಒಂದಷ್ಟು ನಡೆದರೆ ನನ್ನ ಶಾಲೆ. ನಾನು ಹಿರಿಯೂರಿನಿಂದ ಓಡಾಡುತ್ತೇನೆ. ಬಂದ ಹೊಸತರಲ್ಲಿ ಮಕ್ಕಳಿಗೆ ಓದು ಹತ್ತಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಮನೆಯಲ್ಲಿ ಪೇಪರಿಲ್ಲ, ಪುಸ್ತಕವಿಲ್ಲ. ಪಠ್ಯದಲ್ಲಿದ್ದ ಆನೆ ಒಂಟೆಗಳಿಂದ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಪ್ರತಿ ಮನೆಯಲ್ಲೂ ಒಂದು ವಸ್ತು ಇದ್ದೇ ಇತ್ತು: ಹಳೆಯ ಲಗ್ನಪತ್ರಿಕೆಗಳ ಕಟ್ಟು. ಮೇಲೆ ದೇವರ ಚಿತ್ರ, ಮೂಲೆಗಳಿಗೆ ಅರಿಶಿನ. ಬಿಸಾಡುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ದೇವರ ಫೋಟೊದ ಹಿಂದೆ, ಜಂತೆಯ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಾರೆ. ಶಾಲೆಗೆ ಬೇಕೆಂದು ಕೇಳಿದ್ದೇ ತಡ, “ತಗಂಡು ಹೋಗ್ರಿ ಟೀಚರಮ್ಮ, ಪುಣ್ಯ ಬರ್ತೈತೆ” ಎಂದು ಚೀಲಗಟ್ಟಲೆ ಕೊಟ್ಟರು. ಕೆಲವನ್ನು ತರಗತಿಯ ಗೋಡೆಗೆ ಅಂಟಿಸಿದೆ.

ನಮ್ಮ ಕಡೆಯ ಲಗ್ನಪತ್ರಿಕೆ ನೋಡಿದವರಿಗೆ ಗೊತ್ತು. ಎಲ್ಲಕ್ಕಿಂತ ಕೆಳಗೆ, ಕೊನೆಯಲ್ಲಿ, ಮನೆಯ ಚಿಕ್ಕ ಮಕ್ಕಳದೊಂದು ಸಾಲು ಇರುತ್ತದೆ. ‘ನಮ್ಮ ಮಾವನ ಮದುವೆಗೆ ತಪ್ಪದೇ ಬನ್ನಿ’ ಎಂದು ಬರೆದು, ಪಕ್ಕದಲ್ಲಿ ಅವರ ಹೆಸರುಗಳು. ನನ್ನ ಮಕ್ಕಳು ಓದು ಶುರುಮಾಡಿದ್ದು ಆ ಸಾಲಿನಿಂದ. ಮೊದಲು ತಮ್ಮ ಹೆಸರು ಹುಡುಕುವುದು, ಆಮೇಲೆ ಗೆಳೆಯರದು, ಆಮೇಲೆ ಒಂದೊಂದೇ ಸಾಲು ಮೇಲಕ್ಕೆ ಹತ್ತಿ ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ. ವಧು ವರರ ಹತ್ತಿರ ಮುಟ್ಟುವ ಹೊತ್ತಿಗೆ ಒತ್ತಕ್ಷರವೂ ಬಂದಿರುತ್ತಿತ್ತು. ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಶಾಲೆ ನಮ್ಮದೊಂದೇ ಇರಬೇಕು.

ಎರಡನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಕುರಿ ಕಾಯುವ ಮನೆಯವಳು. ಅವಳ ತಾಯಿ, ಮನೆಯವರ ಮಾತು ಮೀರಿ, ತಾನೇ ಮೆಚ್ಚಿದವನನ್ನು ಮದುವೆಯಾಗಿ ಹೋಗಿ, ಮಗಳು ಹುಟ್ಟಿದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದಳು. ಸಾಕಿದ್ದು ತಾಯಿಯ ತಾಯಿ, ಅಜ್ಜಿ. ಆ ಮನೆಯಲ್ಲಿ ಅದಾದಮೇಲೆ ಎರಡು ಮದುವೆ ನಡೆದಿದ್ದವು. ಎರಡೂ ಪತ್ರಿಕೆಗಳಲ್ಲಿ ಮನೆಯ ಮಕ್ಕಳೆಲ್ಲರ ಹೆಸರಿತ್ತು, ಇವಳದಿರಲಿಲ್ಲ. ದೊಡ್ಡ ಮಾವ ಹಾಕಿಸಿರಲಿಲ್ಲ. ಉಳಿದ ಮಕ್ಕಳು ತಮ್ಮ ಹೆಸರು ಸಿಕ್ಕಿದಾಗ ಕುಣಿದಾಡುತ್ತಿದ್ದರೆ ಇವಳು ಊರಿನ ಪತ್ರಿಕೆಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕುತ್ತಿದ್ದಳು. ಹಾಗೆ ಹುಡುಕುತ್ತ ಹುಡುಕುತ್ತಲೇ ಎಲ್ಲರಿಗಿಂತ ಚೆನ್ನಾಗಿ ಓದಲು ಕಲಿತಳು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನನಗೆ ಸಂಕಟವೇ ಆಗುತ್ತಿತ್ತು.

ಈ ನಡುವೆ ನಮ್ಮ ಗೋಡೆಯ ಫೋಟೊವನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಉಚಿತ ಕಲಿಕಾ ಸಾಮಗ್ರಿ ತಯಾರಿಸಿ ಹಂಚುವ ಸಂಸ್ಥೆಯವರೊಬ್ಬರು ಫೋನ್ ಮಾಡಿ, ಹೊಗಳಿ, ಎಲ್ಲವನ್ನೂ ಕೇಳಿ ಬರೆದುಕೊಂಡರು. ಕೆಲವು ತಿಂಗಳ ಮೇಲೆ ಚಿತ್ರದುರ್ಗಕ್ಕೆ ತರಬೇತಿಗೆ ಕರೆ ಬಂತು. ಹೋಗಿ ಕುಳಿತರೆ ಪರದೆಯ ಮೇಲೆ ನಮ್ಮೂರ ಲಗ್ನಪತ್ರಿಕೆ! ಅಂದರೆ, ತೊಳೆದು ಬೆಳ್ಳಗೆ ಮಾಡಿದ ಲಗ್ನಪತ್ರಿಕೆ. ದೇವರಿಲ್ಲ, ಊರಿಲ್ಲ, ಅರಿಶಿನವಿಲ್ಲ. ಗೊಂಬೆಯಂಥ ವಧು ವರರು, ಕೊನೆಯ ಸಾಲಿನಲ್ಲಿ ಎಲ್ಲಿಯೂ ಇಲ್ಲದ ಮಕ್ಕಳ ಹೆಸರು.

ಪಕ್ಕದಲ್ಲಿದ್ದ ಹೊಳಲ್ಕೆರೆಯ ಮೇಡಂ ನನ್ನ ಮೊಣಕೈ ತಿವಿದರು. “ಇದು ನಿಮ್ದೇ ಅಲ್ಲೇನ್ರೀ?”

ನಾನು ಎದ್ದು ನಿಂತು ಕೇಳಿದೆ: “ಸರ್, ಈ ಹೆಸರುಗಳು ಯಾರವು?”

ತರಬೇತುದಾರ ಚಿಕ್ಕ ವಯಸ್ಸಿನವನು, ಒಳ್ಳೆಯವನೇ. “ಯಾರದಾದರೂ ಆಗಬಹುದು ಮೇಡಂ, ಅದೇ ಇದರ ಅನುಕೂಲ. ಎಲ್ಲ ತಾಲ್ಲೂಕಿಗೂ ಹೊಂದುತ್ತೆ” ಎಂದ.

ಯಾರದಾದರೂ ಆಗಬಹುದಾದ ಹೆಸರನ್ನು ಯಾವ ಮಗು ಹುಡುಕುತ್ತದೆ? ಕೇಳಬೇಕೆಂದಿದ್ದೆ. ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದರು. ಕೊನೆಯಲ್ಲಿ ಊಟವಿತ್ತು. ಹೊರಡುವಾಗ ಎಲ್ಲರಿಗೂ ಆ ಪತ್ರಿಕೆಯದೇ ಒಂದೊಂದು ಚಾರ್ಟ್ ಕೊಟ್ಟು, ಹಳೆಯ ಪತ್ರಿಕೆಗಳನ್ನು ಗೋಡೆಯಿಂದ ತೆಗೆಯಬೇಕೆಂದರು. ಅವುಗಳಲ್ಲಿ ಜನರ ಫೋನ್ ನಂಬರ್ ಇರುತ್ತವೆ, ದೇವರಿರುತ್ತಾರೆ, ಜಾತಿ ಗೊತ್ತಾಗುತ್ತದೆ ಎಂಬ ಕಾರಣ. ಫೋನ್ ನಂಬರಿನ ಮಾತು ನ್ಯಾಯವಾದದ್ದೇ. ಅದಕ್ಕೆ ಕತ್ತರಿ ಸಾಕಿತ್ತು. ನಮ್ಮ ಹೆಡ್‌ಮಾಸ್ಟರು ಮಾತ್ರ ಮರುದಿನವೇ ಎಲ್ಲವನ್ನೂ ಕಿತ್ತು ಚೀಲಕ್ಕೆ ತುಂಬಿಸಿದರು.

ಅದೇ ತಿಂಗಳು ಆ ಹುಡುಗಿಯ ಚಿಕ್ಕ ಮಾವನಿಗೆ ಮದುವೆ ಗೊತ್ತಾಯಿತು. ಹಿರಿಯೂರಿನ ಪ್ರೆಸ್ಸಿನಿಂದ ದೊಡ್ಡ ಮಾವ ಲಗ್ನಪತ್ರಿಕೆಯ ಕರಡು ತಂದ. ಮುಂದೆ ನಡೆದದ್ದನ್ನು ಅಜ್ಜಿಯೇ ಶಾಲೆಗೆ ಬಂದು ಹೇಳಿದಳು.

“ಕುಂತ್ಕ ಅಜ್ಜಿ” ಎಂದರೂ ಕೂರಲಿಲ್ಲ. ನಿಂತೇ ಶುರುಮಾಡಿದಳು. “ಎಲ್ರ ಹೆಸ್ರೂ ಐತೆ ಕಣವ್ವ ಅಂದ ನಮ್ ದೊಡ್ಡೋನು, ಟೀಚರಮ್ಮ. ನನಗೇನು ಓದಾಕೆ ಬರ್ತೈತಾ? ಅದಕ್ಕೆ ಈ ಮಗೀನ ಕೈಗೆ ಕೊಟ್ಟು ಓದೇ ಅಂದೆ. ಕೆಳಗಡೆ ಬೆರಳಿಟ್ಟು ಎಲ್ಲಾ ಹುಡುಗ್ರ ಹೆಸ್ರು ಓದಿ, ‘ಅಜ್ಜಿ, ನಂದಿಲ್ಲ’ ಅಂತು. ಹಂಗಾದ್ರೆ ನಾನೂ ಅಕ್ಕಿಕಾಳು ಹಾಕಾಕೆ ಬರಲ್ಲ, ನೀವೇ ಮದುವೆ ಮಾಡ್ಕಳ್ರಿ ಅಂದ್ಬಿಟ್ಟೆ.”

ಹೆತ್ತ ತಾಯಿಯೇ ಅಕ್ಷತೆ ಹಾಕುವುದಿಲ್ಲವೆಂದರೆ ಮದುವೆ ಹೇಗೆ ನಡೆದೀತು? ದೊಡ್ಡ ಮಾವ ಗೊಣಗುತ್ತ ಮತ್ತೆ ಹಿರಿಯೂರಿಗೆ ಹೋಗಿ ಬಂದ. ಪತ್ರಿಕೆಯಲ್ಲಿ ಅವಳ ಹೆಸರು ಬಂತು.

ಆ ದಿನ ಅವಳು ಶಾಲೆಯ ಗೇಟಿನಿಂದಲೇ ಕೂಗುತ್ತ ಓಡಿ ಬಂದಳು. “ಮಿಸ್, ಬಂದೈತೆ!” ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, ಕೊನೆಯ ಸಾಲಿಗೆ ಬೆರಳಿಟ್ಟು, ಇಡೀ ತರಗತಿಗೆ ಕೇಳುವಂತೆ ಓದಿದಳು. ತನ್ನ ಹೆಸರು ಬಂದಾಗ ಸ್ವಲ್ಪ ನಿಲ್ಲಿಸಿ ಎರಡು ಸಲ ಓದಿದಳು. ಆಮೇಲೆ ಗೋಡೆಯ ಕಡೆ ನೋಡಿದಳು. ಅಲ್ಲಿ ಚಾರ್ಟ್ ಒಂದೇ ಇತ್ತು.

“ಇಲ್ಲಿ ಅಂಟ್ಸಂಗಿಲ್ವಾ ಮಿಸ್?”

“ಈಗ ಬೇಡವಂತೆ ಕಣವ್ವ.”

ಅವಳು ಪತ್ರಿಕೆಯನ್ನು ನನ್ನ ಕಡೆ ಸರಿಸಿ ಹೇಳಿದಳು, “ಹಂಗಾದ್ರೆ ನೀವೇ ಇಟ್ಕಳ್ರಿ. ನಾನೇ ಕರೀತಿದೀನಿ, ನೀವು ಬರ್ಲೇಬೇಕು.”

ಬರುತ್ತೇನೆ ಎಂದೆ. ಬಾಯಿಮಾತಿಗೆ ಹೇಳಲಿಲ್ಲ. ಅವಳಿಗೊಂದು ಲಂಗ ರವಿಕೆಯ ಬಟ್ಟೆ ತೆಗೆದು, ನನ್ನ ಸೀರೆಗೆ ಇಸ್ತ್ರಿಯನ್ನೂ ಮಾಡಿಸಿ ಇಟ್ಟಿದ್ದೆ.

ಮದುವೆಗೆ ಎರಡು ದಿನವಿದೆ ಎನ್ನುವಾಗ ಆದೇಶ ಬಂತು. ಎರಡನೆಯ ಸುತ್ತಿನ ತರಬೇತಿ, ಚಿತ್ರದುರ್ಗದಲ್ಲಿ, ಮದುವೆಯ ದಿನವೇ. ವಿಷಯ: ತರಗತಿಯಲ್ಲಿ ಆಮಂತ್ರಣ ಪತ್ರಿಕೆಯ ಬಳಕೆ. ವಿನಾಯಿತಿ ಕೇಳಿಕೊಂಡು ಹೋದೆ. ಅಧಿಕಾರಿಗಳು ಕೇಳಿದರು, “ಯಾರ ಮದುವೆ, ನಿಮ್ಮ ಸಂಬಂಧಿಕರದಾ?” ನನ್ನ ವಿದ್ಯಾರ್ಥಿನಿಯ ಮಾವನದು ಎಂದೆ. ಅವರು ನಕ್ಕರು. ಹತ್ತಿರ ನಿಂತಿದ್ದ ಗುಮಾಸ್ತರೂ ನಕ್ಕರು. “ಹಾಗೆ ನೋಡಿದ್ರೆ ಎಲ್ಲಾ ಮೇಷ್ಟ್ರುಗಳೂ ಮದುವೆ ಮನೇಲೇ ಇರ್ತಾರೆ ಮೇಡಂ. ತರಬೇತಿ ಕಡ್ಡಾಯ.” ಹಾಜರಾಗದಿದ್ದರೆ ನೋಟಿಸ್ ಎಂದೂ ಸೇರಿಸಿದರು.

ಹೋದೆ. ಆ ಪತ್ರಿಕೆ ನನ್ನ ಬ್ಯಾಗಿನಲ್ಲೇ ಇತ್ತು. ಬೆಳಗಿನ ಚಹಾ ಆದಮೇಲೆ ತರಬೇತುದಾರ ನಮ್ಮನ್ನು ಗುಂಪು ಮಾಡಿ, ಮದುವೆಮನೆಯ ಅಭಿನಯ ಮಾಡಬೇಕೆಂದ. ಹೊಳಲ್ಕೆರೆಯ ಮೇಡಂ ವಧುವಿನ ತಾಯಿಯಾದರು. ಭರಮಸಾಗರದ ಮೇಷ್ಟ್ರೊಬ್ಬರು ಟವೆಲ್ ಸುತ್ತಿಕೊಂಡು ವರನಾದರು. ನನಗೆ ಕೊಟ್ಟದ್ದು ಅತಿಥಿಯ ಪಾತ್ರ. ಆಮಂತ್ರಣ ಓದಿಕೊಂಡು ಬಂದ ಅತಿಥಿ. ಗಡಿಯಾರ ನೋಡಿದೆ. ಧರ್ಮಪುರದ ದೇವಸ್ಥಾನದ ಛತ್ರದಲ್ಲಿ ಅದು ಧಾರೆಯ ಹೊತ್ತು.

“ಮೇಡಂ, ನಗ್ತಾ ಬನ್ನಿ, ಮದುವೆಗೆ ಬರ್ತಿದೀರಿ” ಎಂದ ತರಬೇತುದಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಫೋಟೊ ತೆಗೆದರು. ಚಾರ್ಟನ್ನು ಎದೆಗೆ ಹಿಡಿದುಕೊಂಡು ನಾನು ಆ ಸುಳ್ಳು ಮದುವೆಗೆ ಹೋದೆ. ಅಷ್ಟು ಅಸಹ್ಯ ನನಗೆ ನನ್ನ ನೌಕರಿಯ ಬಗ್ಗೆ ಯಾವತ್ತೂ ಆಗಿರಲಿಲ್ಲ.

ತರಬೇತಿ ಮುಗಿಸಿ ಮರುದಿನ ಶಾಲೆಗೆ ಹೋದಾಗ ಹುಡುಗಿ ತನ್ನ ಜಾಗದಲ್ಲಿ ಕುಳಿತಿದ್ದಳು. ಕೈಯಲ್ಲಿ ಮದುವೆಯ ಹಸಿರು ಬಳೆಗಳಿದ್ದವು. ಬಟ್ಟೆಯ ಪೊಟ್ಟಣ ಕೊಟ್ಟೆ. ತೆಗೆದುಕೊಂಡಳು, ಬಿಚ್ಚಿ ನೋಡಲಿಲ್ಲ. ಅಜ್ಜಿ ಅವಳನ್ನು ಛತ್ರದ ಬಾಗಿಲಲ್ಲೇ ನಿಲ್ಲಿಸಿದ್ದಳಂತೆ, ಟೀಚರಮ್ಮ ಬಂದರೆ ಕರೆದುಕೊಂಡು ಬಾ ಎಂದು. ಊಟದ ಪಂಕ್ತಿ ಮುಗಿಯುವವರೆಗೂ ನಿಂತಿದ್ದಳಂತೆ. ಇದನ್ನೆಲ್ಲ ಪಕ್ಕದ ಹುಡುಗಿ ಹೇಳಿದಳು, ಅವಳಲ್ಲ.

ತರಬೇತಿ ಇತ್ತು ಕಣವ್ವ, ಬಿಡಲಿಲ್ಲ ಎಂದೆ. ಏನು ತರಬೇತಿಯೆಂದು ಅವಳು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ಕೇಳಲಿಲ್ಲ. ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು.

“ನನ್ನ ಹೆಸ್ರಿತ್ತಲ್ಲ ಮಿಸ್. ನೀವು ಓದ್ಲಿಲ್ವಾ?”