ಮರುಳಸಿದ್ದಪ್ಪನವರ ಸ್ಟೇಕೌಟ್

ದೆಹಲಿಯ ಜನಕಪುರಿಯಲ್ಲಿರುವ ಮರುಳಸಿದ್ದಪ್ಪನವರಿಗೆ ಮೊಮ್ಮಗಳು ಒಂದು ಇಂಗ್ಲಿಷ್ ಪದ ಕಲಿಸಿಬಿಟ್ಟಿದ್ದಾಳೆ. ಸ್ಟೇಕೌಟ್ ಎಂದರೆ ಮರೆಯಲ್ಲಿ ಕೂತು ಒಂದೇ ಕಡೆ ಕಣ್ಣಿಟ್ಟು ಕಾಯುವುದು, ಪೊಲೀಸರು ಮಾಡುವ ಕೆಲಸ. ಅಂದಿನಿಂದ ಒಲೆಯ ಮೇಲಿನ ಹಾಲು ಕಾಯುವುದೂ ಅವರಿಗೆ ಸ್ಟೇಕೌಟೇ. ಹಾಲು ಉಕ್ಕಿದರೆ ಹೆಂಡತಿ ವಿಶಾಲಾಕ್ಷಿ, "ರೀ, ನಿಮ್ಮ ಕಳ್ಳ ಪರಾರಿ" ಎನ್ನುತ್ತಾರೆ. ಚಳಿಗಾಲದ ಬಿಸಿಲಿಗೆ ಬಾಲ್ಕನಿಯಲ್ಲಿ ರಜಾಯಿ ಒಣಹಾಕಿದರೆ ಮುಗಿಯಿತು, ಬಟಾಣಿ ಸುಲಿಯುವ ನೆಪದಲ್ಲಿ ಅದರ ಹಿಂದೆ ಅಡಗಿ ಕೂರುತ್ತಾರೆ. ಮಂಕಿಟೋಪಿ ಮಾತ್ರ ಮೇಲೆ ಕಾಣುವುದರಿಂದ, "ನಮಸ್ತೆ ಅಂಕಲ್‌ಜೀ" ಎಂದು ತರಕಾರಿ ಭಯ್ಯಾ ಕೆಳಗಿನಿಂದಲೇ ಕೂಗುತ್ತಾನೆ. ಅವರು ಕಾಯುವುದು ಎದುರು ಮನೆಯ ಗಂಗಾಧರಯ್ಯನವರನ್ನು. ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಇಬ್ಬರು ಸ್ನೇಹಿತರೂ ಮಾತು ಬಿಟ್ಟಿದ್ದಾರೆ. ಈಗ ಗಂಗಾಧರಯ್ಯನವರಿಗೆ ಹೃದಯದ ಆಪರೇಷನ್ ಆಗಿದೆ. ಪಾರ್ಕಿನ ಗೇಟಿನವರೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ಆದರೆ ಗಂಗಾಧರಯ್ಯನವರು ಅರ್ಧ ದಾರಿಗೇ ಕುಳಿತುಬಿಡುತ್ತಾರೆ. ಅವರು ಕೂತರೆ ಮೇಲೆ ಬಾಲ್ಕನಿಯಲ್ಲಿ ಬಟಾಣಿ ಸುಲಿಯುವ ಕೈ ನಿಲ್ಲುತ್ತದೆ, ಎದ್ದರೆ ಮತ್ತೆ ಸಾಗುತ್ತದೆ. ಇವತ್ತು ಅವರು ಗೇಟು ಮುಟ್ಟಿದರು. ಉಸಿರು ಸುಧಾರಿಸಿಕೊಂಡು ಬಾಲ್ಕನಿಯ ಕಡೆ ತಿರುಗಿ, "ವಾಪಸ್ ನಡೆಯೋಕೆ ಜೊತೆ ಬೇಕು ಕಣೋ ಸಿದ್ದಪ್ಪ, ಇಳಿದು ಬಾ" ಎಂದರು. ಮರುಳಸಿದ್ದಪ್ಪನವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.