ಲೈಟಿಲ್ಲದೆ ತೆಗೆದ ಅರಿಶಿನ ಶಾಸ್ತ್ರ

ನಂಜನಗೂಡಿನ ರಾಜೇಂದ್ರನ ಸ್ಟುಡಿಯೋದಲ್ಲಿ ಮಧುಶ್ರೀ ಆರು ವರ್ಷ ಎಡಿಟಿಂಗ್ ಮಾಡಿದಳು. ಟಿ. ನರಸೀಪುರದ ಹತ್ತಿರದ ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಏಳುತ್ತಿದ್ದುದು ಸಂಜೆಗೆ. ಕ್ಯಾಮರಾ ಹಿಡಿಯುವುದೆಲ್ಲ ಗಂಡಸರ ಕೆಲಸ ಎಂದು ರಾಜೇಂದ್ರ ಮೊದಲ ದಿನವೇ ಹೇಳಿದ್ದ. ಆ ಆರು ವರ್ಷದಲ್ಲಿ ಅವಳು ಸಾವಿರಾರು ಮದುವೆ ಮುಖಗಳನ್ನು ನೋಡಿದ್ದಳು. ದೊಡ್ಡ ಎಲ್‌ಇಡಿ ಲೈಟಿಗೆ ಕಣ್ಣು ಕಿರಿದು ಮಾಡಿಕೊಂಡ ಅಜ್ಜಿಯರು, ಸುಣ್ಣ ಬಳಿದಂತೆ ಬೆಳ್ಳಗಾದ ಹೆಣ್ಣುಗಳು. ಕಪ್ಪಗಿದ್ದವರನ್ನು ಇನ್ನಷ್ಟು ಬಿಳಿ ಮಾಡು ಎಂದು ರಾಜೇಂದ್ರ ಹಿಂದೆ ನಿಂತು ಹೇಳುತ್ತಿದ್ದ. ಅವಳು ಮಾಡುತ್ತಿದ್ದಳು. ಮಾಡಿ ಮಾಡಿ ರೋಸಿಹೋಗಿದ್ದಳು.

ಹೋದ ವರ್ಷ ಮಾಘ ಮಾಸದ ಮದುವೆಗಳು ಶುರುವಾಗುವ ಮೊದಲು ರೋಜಾ ಎಂಬ ಹುಡುಗಿ ಸ್ಟುಡಿಯೋಗೆ ಬಂದಳು. ಕಳಲೆ ದಾಟಿದರೆ ಸಿಗುವ ಹಳ್ಳಿಯವಳು. ಮದುವೆ ಗೊತ್ತಾಗಿತ್ತು. ಅವಳ ಅಜ್ಜಿ ಚಿಕ್ಕಬಸಮ್ಮನಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಜೋರು ಬೆಳಕು ಬಿದ್ದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅರಿಶಿನ ಶಾಸ್ತ್ರ ಮನೇಲೇ ಸಾರ್. ಅಲ್ಲಿ ಮಾತ್ರ ಲೈಟ್ ಹಾಕ್ಬೇಡಿ," ಎಂದಳು ರೋಜಾ.

"ಲೈಟಿಲ್ದೆ ವಿಡಿಯೋ ಹೆಂಗಮ್ಮ ಆಗ್ತದೆ? ಅಜ್ಜೀನ ಒಂದರ್ಧ ಗಂಟೆ ಒಳಗಡೆ ಕೂರ್ಸಿ," ಎಂದ ರಾಜೇಂದ್ರ.

"ಮೊದಲ್ನೇ ಅರಿಶಿನ ಹಚ್ಚೋದೇ ನಮ್ಮಜ್ಜಿ."

"ಹಂಗಾದ್ರೆ ಹಚ್ಬುಟ್ಟು ಒಳಿಕ್ಕೋಗ್ಲಿ. ನಾವು ಆಮೇಲಿಂದ ತೆಗೀತೀವಿ."

ಕಂಪ್ಯೂಟರಿನ ಹಿಂದಿನಿಂದ ಮಧುಶ್ರೀ ಎದ್ದು ನಿಂತಳು. "ನಾನ್ ತೆಗೀತೀನಿ ರೋಜಾ. ಲೈಟ್ ಬೇಡ. ಅಜ್ಜಿ ಎಲ್ಲೂ ಹೋಗೋದು ಬೇಡ."

ರಾಜೇಂದ್ರನಿಗೆ ನಗು ಬಂತು. ಅವಳು ಹಳೆಯದೊಂದು ಮಿರರ್‌ಲೆಸ್ ಕ್ಯಾಮರಾ ಕೊಂಡಿದ್ದು ಅವನಿಗೆ ಗೊತ್ತಿತ್ತು. "ಆ ಕಿಟ್ ಲೆನ್ಸಲ್ಲಿ ತೆಗೀತೀಯಾ? ಪರದೆ ತುಂಬ ಇರುವೆ ಹರಿದಂಗೆ ಕಾಣ್ತದೆ ಕಣಮ್ಮ."

"ಅದು ನನ್ನ ಕಷ್ಟ ಸಾರ್."

"ಸರಿ. ನಾಳೆಯಿಂದ ನೀನು ಬರ್ಬೇಡ."

"ನಾಳೆ ತಂಕ ಯಾಕೆ?" ಎಂದು ಅವಳು ಮಾಡುತ್ತಿದ್ದ ಕೆಲಸವನ್ನು ಸೇವ್ ಮಾಡಿ, ಬ್ಯಾಗ್ ತೆಗೆದುಕೊಂಡು ಹೊರಟಳು.

ರೋಜಾ ಒಪ್ಪಿದಳು. ಶಾಸ್ತ್ರಕ್ಕೆ ಇಪ್ಪತ್ತು ದಿನವಿತ್ತು. ಮನೆಗೆ ಹೋಗಿ ಅಡುಗೆಮನೆಯಲ್ಲಿ ಅವ್ವ ಗೋವಿಂದಮ್ಮನನ್ನು ಕೂರಿಸಿ ತೆಗೆದು ನೋಡಿದರೆ ರಾಜೇಂದ್ರ ಹೇಳಿದ್ದು ನಿಜವಾಗಿತ್ತು. ಕ್ಯಾಮರಾ ಜೊತೆಗೇ ಬಂದ ಆ ಲೆನ್ಸಿನ ಕಣ್ಣು ಸಣ್ಣದು. ಬೆಳಕು ಸಾಲದೆ ಚಿತ್ರದ ತುಂಬ ಕಾಳುಕಾಳು. ಕಣ್ಣು ದೊಡ್ಡದಾಗಿ ತೆರೆಯುವ ಹೊಸ ಲೆನ್ಸಿಗೆ ಒಂದು ಸ್ಕೂಟರಿನ ಬೆಲೆ. ಅದು ಅವಳ ಕೈಗೆಟುಕುವ ಮಾತಲ್ಲ.

ಆಗ ಅವಳಿಗೆ ಚೆಲುವಯ್ಯನವರ ನೆನಪಾಯಿತು. ನಂಜನಗೂಡಿನಲ್ಲಿ ರೀಲು ಕ್ಯಾಮರಾ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದ ಮುದುಕರು. ಅಂಗಡಿ ಮುಚ್ಚಿ ಹದಿನೈದು ವರ್ಷವಾಗಿದ್ದರೂ ಸಾಮಾನೆಲ್ಲ ಕಬ್ಬಿಣದ ಬೀರುವಿನಲ್ಲಿತ್ತು. ಅವರು ಎರಡು ಲೆನ್ಸ್ ತೆಗೆದು, ಟಾರ್ಚ್ ಹಚ್ಚಿ ಒಂದೊಂದರೊಳಗೂ ಬೆಳಕು ಬಿಟ್ಟು ತೋರಿಸಿದರು. ಒಂದರ ಅಂಚಿನಲ್ಲಿ ಜೇಡರ ಬಲೆಯಂತೆ ಬಿಳಿ ಎಳೆಗಳಿದ್ದವು.

"ಇದ ಮುಟ್ಬೇಡ ಕಣವ್ವ, ಬೂಷ್ಟು ಹಿಡಿದದೆ. ಇದ ತಗೊ, ಐವತ್ತು ಎಂಎಂ ಲೆನ್ಸು. ಕಣ್ಣು ಒಂದು ಪಾಯಿಂಟ್ ನಾಕಕ್ಕೆ ತೆರೀತದೆ, ಅಂದ್ರೆ ಬೋ ಅಗಲ. ನಿನ್ ಲೆನ್ಸ್ ಜೂಮ್ ಮಾಡ್ದಾಗ ಎಷ್ಟು ಬೆಳಕು ಬಿಡ್ತದೋ, ಇದು ಅದರ ಹದಿನಾರು ಪಟ್ಟು ಬಿಡ್ತದೆ."

"ನನ್ ಕ್ಯಾಮರಾಗೆ ಕೂರಲ್ವಲ್ಲ ತಾತ?"

"ಕೂರ್ಸೋ ಬಳೆ ಸಿಕ್ತದಂತೆ ನೋಡು. ನಮ್ ಕಾಲದಲ್ಲಿ ಇರ್ಲಿಲ್ಲ."

ಬಳೆ ಎಂದರೆ ಅಡಾಪ್ಟರ್. ಮೊದಲು ತರಿಸಿದ್ದು ಅತಿ ಅಗ್ಗದ್ದು. ಹಾಕಿದರೆ ಲೆನ್ಸು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಸಾಲದ್ದಕ್ಕೆ ಕ್ಯಾಮರಾ, ಲೆನ್ಸೇ ಇಲ್ಲವೆಂದು ಹಟ ಹಿಡಿಯಿತು. ಮೆನುವಿನಲ್ಲಿ ಹುಡುಕಿ, 'ಲೆನ್ಸ್ ಇಲ್ಲದಿದ್ದರೂ ತೆಗೆ' ಎಂಬ ಆಯ್ಕೆಯನ್ನು ಒತ್ತಿದ ಮೇಲೆ ಅಡುಗೆಮನೆ ಪರದೆಯ ಮೇಲೆ ಮೂಡಿತು. ಒಂದು ಕಾಳೂ ಇಲ್ಲ. ಅವ್ವನ ಕಪ್ಪು ಕೆನ್ನೆ ಕಪ್ಪಾಗಿಯೇ, ಮೆತ್ತಗೆ ಹೊಳೆಯುತ್ತಿತ್ತು. ಮಧುಶ್ರೀ ಬಹಳ ಹೊತ್ತು ಅದನ್ನೇ ನೋಡಿದಳು.

ಆದರೆ ಸಣ್ಣ ಕೋಣೆಯಲ್ಲಿ ಆ ಲೆನ್ಸಿಗೆ ಒಂದು ಮುಖದ ಹೊರತು ಇನ್ನೇನೂ ಹಿಡಿಸುತ್ತಿರಲಿಲ್ಲ. ಗೋಡೆಗೆ ಬೆನ್ನು ಒತ್ತಿ ನಿಂತರೂ ಅಷ್ಟೇ. ನಾಲ್ಕು ದಿನ ಅಲ್ಲಿ ಇಲ್ಲಿ ಓದಿ, ಕೇಳಿ, ಇನ್ನೊಂದು ಬಗೆಯ ಅಡಾಪ್ಟರ್ ತರಿಸಿದಳು. ಅದರೊಳಗೆ ಗಾಜಿದೆ. ಅದು ಚಿತ್ರವನ್ನು ಕುಗ್ಗಿಸಿ, ಕ್ಯಾಮರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಬೀಳಿಸುತ್ತದೆ. ಹಾಗಾಗಿ ಕೋಣೆಯ ಹೆಚ್ಚು ಭಾಗ ಕಾಣುತ್ತದೆ, ಬೆಳಕೂ ಸುಮಾರು ದುಪ್ಪಟ್ಟಾಗುತ್ತದೆ. ಬೆಲೆ ಮೊದಲಿನದಕ್ಕಿಂತ ಜಾಸ್ತಿ, ಹೊಸ ಲೆನ್ಸಿಗಿಂತ ಎಷ್ಟೋ ಕಡಿಮೆ. ಉಳಿದದ್ದು ಫೋಕಸ್. ಅದನ್ನು ಕೈಯಲ್ಲೇ ತಿರುಗಿಸಬೇಕು. ದಿನವೂ ಅವ್ವನ ಕೈಗೆ ಮೊರ ಕೊಟ್ಟು ಅಭ್ಯಾಸ ಮಾಡಿದಳು.

"ಒಂದೇ ಅಕ್ಕೀನ ಎಷ್ಟು ಸಲ ಕೇರ್ಸೀಯೇ?" ಎಂದು ಗೋವಿಂದಮ್ಮ ಗೊಣಗಿದರು.

"ಇನ್ನೊಂದೇ ಸಲ ಕಣವ್ವ, ತಪ್ಪೋಯ್ತು."

ಶಾಸ್ತ್ರದ ದಿನ ಬೆಳಿಗ್ಗೆ ರೋಜಾಳ ಮನೆಯ ನಡುಮನೆಯ ಬಾಗಿಲಲ್ಲಿ ಅವಳ ದೊಡ್ಡಪ್ಪ ಮಹದೇವ ನಿಂತಿದ್ದ. ಕ್ಯಾಮರಾ ಹಿಡಿದ ಹೆಣ್ಣುಮಗಳನ್ನು ಮೇಲಿಂದ ಕೆಳಗೆ ನೋಡಿದ.

"ಯಾರ ಮಗಳವ್ವ ನೀನು?"

"ಕರಿಯಯ್ಯನ ಮಗಳು. ನರಸೀಪುರದ ಕಡೇರು."

"ಯಾವ ಬೀದಿ?"

ಆ ಪ್ರಶ್ನೆ ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಅಂಬೇಡ್ಕರ್ ಬೀದಿ. ಇನ್ನೇನ್ ಕೇಳ್ಬೇಕೋ ಈಗ್ಲೇ ಕೇಳ್ಬುಡಿ. ಆಮೇಲೆ ನಂಗೆ ಬಿಡುವಿರಲ್ಲ."

"ಇಲ್ಲೇ ಹೊರಗ್ನಿಂದ ತೆಗಿ."

"ಇಲ್ಲಿಂದ ಅಜ್ಜಿ ಮುಖ ಕಾಣಲ್ಲ," ಎಂದು ಹೇಳುತ್ತಲೇ ಅವಳು ಅವನ ಪಕ್ಕದಿಂದ ಹೊಸ್ತಿಲು ದಾಟಿ ಒಳಗಿದ್ದಳು. ಮಹದೇವ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಚಿಕ್ಕಬಸಮ್ಮನ ಗದರಿಕೆ ಕೇಳಿತು.

"ಯಾರ್ಲಾ ಅದು, ಮಾದೇವನಾ? ಬಾಗ್ಲಲ್ಲಿ ನಿಂತ್ಕಂಡು ಬೆಳಕೆಲ್ಲ ತಡೆದಿದ್ದೀಯಲ್ಲ. ಅತ್ಲಾಗ್ ಸರ್ಕೊ!"

ಅವನು ಸರಿದ. ಬಾಗಿಲ ಬೆಳಕು ನೇರವಾಗಿ ಹಸೆಯ ಮೇಲೆ ಬಿತ್ತು.

ಚಿಕ್ಕಬಸಮ್ಮ ಕಪ್ಪು ಕನ್ನಡಕ ಹಾಕಿಕೊಂಡೇ ಬಟ್ಟಲಿಗೆ ಬೆರಳದ್ದಿದರು. ಮೊಮ್ಮಗಳ ಕೆನ್ನೆ ಸಿಗದೆ ಮೊದಲು ಕಿವಿಗೆ ಹಚ್ಚಿದರು. ಹೆಂಗಸರು ನಕ್ಕರು. ಅಜ್ಜಿ ಮುಂದಕ್ಕೆ ಬಾಗಿದಾಗ ಫೋಕಸ್ ತಪ್ಪಿತು. ಮಧುಶ್ರೀ ಲೆನ್ಸನ್ನು ಬೆರಳಿಂದ ಒಂದು ಕೂದಲಷ್ಟು ತಿರುಗಿಸಿದಳು. ಅಜ್ಜಿ ಕನ್ನಡಕವನ್ನು ಚೂರೇ ಚೂರು ಎತ್ತಿ, ಮೊಮ್ಮಗಳ ಮುಖವನ್ನು ತೀರ ಹತ್ತಿರದಿಂದ ನೋಡಿದರು. ಆ ನೋಟ ಕ್ಯಾಮರಾಗೆ ಪೂರ್ತಿ ಸಿಕ್ಕಿತು.

ಮದುವೆಯಾದ ತಿಂಗಳಿಗೆ ಟಿವಿಯಲ್ಲಿ ಹಾಕಿ ನೋಡಿದಾಗ ಮಹದೇವ, "ಕತ್ಲು ಕತ್ಲಾಗದೆ. ಒಸಿ ಬೆಳ್ಳಗೆ ಮಾಡ್ಕೊಡು," ಎಂದ.

"ನಿಮ್ಮನೆ ಇರೋದೇ ಹಂಗೆ. ಅಜ್ಜಿ ಇರೋದೂ ಹಂಗೆ. ಬದಲಾಯ್ಸಲ್ಲ."

ರೋಜಾ ಅಜ್ಜಿ ಅರಿಶಿನ ಹಚ್ಚುವ ಭಾಗವನ್ನು ಇನ್ನೊಮ್ಮೆ ಹಾಕಿದಳು. ಫೋಕಸ್ ತಪ್ಪಿದ ನಾಲ್ಕು ಕ್ಷಣವನ್ನೂ ಮಧುಶ್ರೀ ಕತ್ತರಿಸಿರಲಿಲ್ಲ.

ಈಗ ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವಳದೊಂದು ಚಿಕ್ಕ ಅಂಗಡಿಯಿದೆ. ಅವಳದು ಕತ್ಲೆ ವಿಡಿಯೋ ಎಂದು ರಾಜೇಂದ್ರ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಬೇರೆಯವರಿಗೆ ಸಿಗುವ ಮದುವೆಗಳಲ್ಲಿ ಅರ್ಧವೂ ಅವಳಿಗೆ ಸಿಗುವುದಿಲ್ಲ. ಮೊನ್ನೆ ತಲಕಾಡಿನಿಂದ ಒಬ್ಬರು ಬಂದು, ಹುಡುಗಿ ಸ್ವಲ್ಪ ಕಪ್ಪು, ಎರಡು ದೊಡ್ಡ ಲೈಟ್ ಹಾಕಿ ತೆಗೆದುಕೊಡಿ, ಕೇಳಿದಷ್ಟು ಕೊಡುತ್ತೇವೆ ಎಂದರು.

"ಹುಡುಗೀನೂ ಇದನ್ನೇ ಹೇಳಿದ್ಳಾ?" ಎಂದು ಕೇಳಿದಳು ಮಧುಶ್ರೀ.

ಅವರು ಜೇಬಿನಿಂದ ಮುಂಗಡದ ನೋಟು ತೆಗೆದು ಮೇಜಿನ ಮೇಲಿಟ್ಟರು.

"ಅವ್ಳ ನಂಬರ್ ಕೊಡಿ. ಅವ್ಳತ್ರ ಮಾತಾಡ್ತೀನಿ. ಲೈಟ್ ಮಾತ್ರ ತರಲ್ಲ."